ಡಾಕ್ಟರಮ್ಮನಿಗೆ ಕಾಕಾನ ಕಾವಲು

ನಮ್ಮ ಕಾಕಾ ಊರ ದವಾಖಾನೆಗೆ ಮಾಡಿದಷ್ಟು ಸೇವೆಯನ್ನು ಇನ್ಯಾರೂ ಮಾಡಿಲ್ಲ. ಇದ್ದೊಬ್ಬ ಡಾಕ್ಟರು ಕೈತಪ್ಪುವ ಹಂತಕ್ಕೆ ಬಂದದ್ದೂ ಆ ಸೇವೆಯಿಂದಲೇ!

ಸೇಡಂ, ಚಿತ್ತಾಪುರಗಳ ನಡುವಿನ ನಮ್ಮೂರಲ್ಲಿ ದವಾಖಾನೆಯ ಕಟ್ಟಡವಿತ್ತು, ಬೋರ್ಡಿತ್ತು. ಡಾಕ್ಟರು ಮಾತ್ರ ನಿಲ್ಲುತ್ತಿರಲಿಲ್ಲ. ಒಬ್ಬರು ನಮ್ಮ ಬಿಸಿಲು ನೋಡಿಯೇ ಓಡಿದರು. ಇನ್ನೊಬ್ಬರು ಪೆಟ್ಟಿಗೆ ಬಿಚ್ಚುವ ಮೊದಲೇ ವರ್ಗ ಮಾಡಿಸಿಕೊಂಡರು. ಜ್ವರ ಬಂದವರೂ ಸೇಡಂ ಬಸ್ಸು ಕಾಯಬೇಕು. ಕಡೆಗೊಮ್ಮೆ ಮಂಡ್ಯದ ಕಡೆಯ ಎಳೆಯ ಡಾಕ್ಟರಮ್ಮ ಬಂದಾಗ ಕಾಕಾ ಹಟ ತೊಟ್ಟ: ಇವರನ್ನು ಬಿಡಬಾರದು!

ಮನೆಯಿಂದ ದಿನಾ ರೊಟ್ಟಿ, ಪುಂಡಿಪಲ್ಯ ಹೋಯಿತು. ಮುದ್ದೆ ಉಂಡು ಬೆಳೆದ ಡಾಕ್ಟರಮ್ಮ ಖಾರಕ್ಕೆ ಕಣ್ಣೀರು ಸುರಿಸಿದರೆ, “ನೋಡು, ನಮ್ಮ ಪ್ರೀತಿಗಿ ಅಳಾಕತ್ತಾರ” ಎಂದ ಕಾಕಾ.

ಆಮೇಲೆ ಅವನಿಗೆ ಹೊಳೆಯಿತು, ದಣಿದರೆ ಡಾಕ್ಟರು ಊರು ಬಿಡುತ್ತಾರೆ! ಸರಿ, ದವಾಖಾನೆ ಗೇಟಿನ ಬಳಿ ಶಹಾಬಾದ್ ಫರಸಿ ಕಲ್ಲೊಂದನ್ನು ಹಾಕಿಸಿ ಕುಳಿತೇಬಿಟ್ಟ.

“ಎಲ್ಲಿಗಿ ಹೊಂಟೀ?”

“ಕೆಮ್ಮ ಬಂದದರಿ ಕಾಕಾ. ಮೂರು ದಿನ ಆಯ್ತು.”

“ಮೂರೇ ದಿನದ ಕೆಮ್ಮ ತಗೊಂಡು ಡಾಕ್ಟರಿಗಿ ತ್ರಾಸ ಕೊಡ್ತೀಯೇನು? ಶುಂಠಿ ಕುಡಿ, ನಡಿ ಮನಿಗಿ!”

ಹೆರಿಗೆ, ಹಾವು ಕಚ್ಚಿದ್ದು ಬಿಟ್ಟರೆ ಮಿಕ್ಕವರಿಗೆಲ್ಲ ಶುಂಠಿಯೇ ಗತಿ. ಒಳಗೆ ಡಾಕ್ಟರಮ್ಮ ನೊಣ ಹೊಡೆಯುತ್ತ ಕೂತಿರುತ್ತಿದ್ದರು.

ಒಂದು ದಿನ ಮೇಲಿನ ಸಾಹೇಬರು ಬಂದು ರೋಗಿಗಳ ರಿಜಿಸ್ಟರ್ ತಿರುವಿದರು. “ಭಾಳ ಆರೋಗ್ಯ ಅದರಿ ನಿಮ್ಮೂರಾಗ! ಇಲ್ಲಿ ಡಾಕ್ಟರ್ ಯಾಕ ಬೇಕು? ಇನ್ನೊಂದು ವಾರ ನೋಡ್ತೀನಿ. ಮಂದಿ ಬರಲಿಲ್ಲಂದ್ರ ಇವ್ರನ್ನ ಚಿಂಚೋಳಿ ಕಡಿಗಿ ಕಳಸ್ತೀನಿ.”

ಕಾಕಾನ ಮುಖ ನೋಡಬೇಕಿತ್ತು! ಮರುದಿನ ಮುಂಜಾನೆಯೇ ಮನೆಮನೆಯ ಬಾಗಿಲು ಬಡಿದ.

“ಕೆಮ್ಮ ಇತ್ತಲ್ಲ ನಿನಗ, ಬಾ ದವಾಖಾನಿಗಿ!”

“ಶುಂಠಿ ಕುಡದು ಹೋಯ್ತ್ರಿ ಕಾಕಾ.”

“ಹಂಗಂದ್ರ ಹೊಸಾ ಬ್ಯಾನಿ ಹುಡುಕು!”

ಹತ್ತು ಗಂಟೆಗೆ ಸಾಲು ಗೇಟು ದಾಟಿತ್ತು. ಬಹಳ ಮಂದಿಗೆ ನಿಜಕ್ಕೂ ಕಾಯಿಲೆಯಿತ್ತು, ಇಷ್ಟು ದಿನ ಕಾಕಾನಿಗೆ ಹೆದರಿ ಸುಮ್ಮನಿದ್ದರಷ್ಟೇ. ನನ್ನಂಥವರಿಗೆ ಇದ್ದದ್ದು ಕಾಕಾನ ಕಾಟವೊಂದೇ. ಸಾಲಿನ ಕೊನೆಗೆ, ನನ್ನ ಹಿಂದೆ, ಸ್ವತಃ ಕಾಕಾ ನಿಂತಿದ್ದ.

“ನಿಮಗೇನಾಗಿದೆ ಅಂಕಲ್?” ಎಂದರು ಡಾಕ್ಟರಮ್ಮ.

“ಏನಿಲ್ರೀ. ಒಂದು ಹೆಸರು ಹೆಚ್ಚಾಗ್ಲಿ ಅಂತ ಬಂದೀನಿ.”

ಅವರು ನಗುತ್ತಲೇ ಕಾಕಾನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ನಗು ನಿಂತಿತು. ಇನ್ನೊಂದು ಸಲ ನೋಡಿದರು.

“ತಲೆ ಸುತ್ತುತ್ತಾ?”

“ಸುತ್ತತದರಿ. ನೀವು ಬರೋಕಿಂತ ಮೊದಲಿಂದನೂ.”

“ದಿನಾ ಗೇಟಲ್ಲೇ ಕೂತಿರ್ತೀರಲ್ಲ! ಒಂದು ದಿನ ಒಳಗೆ ಬರೋಕೇನಾಗಿತ್ತು?”

“ನಿಮಗ ತ್ರಾಸ ಆಗ್ತದ ಅಂತ...”

ಅಷ್ಟು ದಿನ ಅವನನ್ನು ಆಡಿಕೊಂಡವರಲ್ಲಿ ನಾನೇ ಮೊದಲಿಗ. ನನಗೆ ತಲೆಯೆತ್ತಲಾಗಲಿಲ್ಲ. ಕಾಕಾ ಮಾತ್ರ ಆಸೆಯಿಂದ ಕೇಳಿದ, “ಹಂಗಂದ್ರ ನಾ ಖರೇನೇ ಬೀಮಾರ್ ಇದ್ದೀನಲ್ರಿ? ಇನ್ನ ಸಾಹೇಬ್ರು ನಿಮ್ಮನ್ನ ಕಳಸಂಗಿಲ್ಲಲ್ರಿ?”

ಡಾಕ್ಟರಮ್ಮ ಪಟ್ಟಿ ಬಿಚ್ಚಿದರು, ಕೈ ಬಿಡಲಿಲ್ಲ.

“ನಿಮ್ಮನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ನಾಳೆ ಮತ್ತೆ ಬನ್ನಿ, ಕಾಕಾ. ಗೇಟಿನ ತನಕ ಅಲ್ಲ, ಒಳಗೆ.”

ಅವರು ಅವನನ್ನು ಕಾಕಾ ಎಂದು ಕರೆದದ್ದು ಅದೇ ಮೊದಲು.