ಹಳದಿ ಟೀ ಶರ್ಟಿನ ಜಾಥಾ

ಕೃಷ್ಣಪ್ಪ ಮೇಷ್ಟ್ರ ಹೆಗಲೇರಿದ ಶನಿ ಹಳದಿ ಬಣ್ಣದ್ದಾಗಿತ್ತು. ‘ಶಾಲೆ ಬಿಡಬೇಡಿ’ ಜಾಥಾಕ್ಕೆಂದು ಪೀಣ್ಯದ ಪಂಪ್ ಕಾರ್ಖಾನೆಯೊಂದು ಐವತ್ತು ಟೀ ಶರ್ಟು ಕಳಿಸಿತ್ತು. ಎದೆಯ ಮೇಲೆ ಪಂಪಿನ ಚಿತ್ರ, ಬೆನ್ನ ತುಂಬ ಕಾರ್ಖಾನೆಯ ಹೆಸರು. ಶಾಲೆಯ ವಿಷಯ ಅಚ್ಚು ಹಾಕಿಸಲು ಪಾಪ ಜಾಗವೇ ಉಳಿದಿರಲಿಲ್ಲ.

“ಯೂನಿಫಾರ್ಮ್ ಬೇಡ ಕಣ್ರೀ, ಎಲ್ಲರಿಗೂ ಇದನ್ನೇ ಹಾಕ್ಸಿ. ಅವರಿಗೆ ಫೋಟೋ ಕಳಿಸ್ಬೇಕು. ನೀವೂ ಒಂದು ಹಾಕ್ಕೊಳ್ಳಿ,” ಎಂದರು ಹೆಡ್ ಮೇಡಂ ಹೇಮಲತಾ.

ಮೇಷ್ಟ್ರು ಟೀ ಶರ್ಟು ತೊಟ್ಟು, ತಮ್ಮ ಶರ್ಟನ್ನು ಸ್ಟಾಫ್ ರೂಮಿನ ಮೊಳೆಗೆ ನೇತುಹಾಕಿದರು. ಗುರುತಿನ ಚೀಟಿ ಅದರ ಜೇಬಿನಲ್ಲೇ ಉಳಿಯಿತು.

ವಾದ ಮಾಡುವ ದಿನವಲ್ಲ ಅದು. ಅವತ್ತು ಶುಕ್ರವಾರ. ಮಧ್ಯಾಹ್ನ ಮೂರಕ್ಕೆ ಶಿಕ್ಷಣ ಇಲಾಖೆಯ ಕಚೇರಿಯಿಂದ ಸಾಹೇಬರು ಬಂದು ತಲೆ ಎಣಿಸುವವರಿದ್ದರು. ಕೃಷ್ಣಪ್ಪನವರ ಒಂಬತ್ತನೇ ತರಗತಿಯಲ್ಲಿ ಇದ್ದದ್ದು ಮೂವತ್ತೆಂಟು ಮಕ್ಕಳು. ನಲವತ್ತಾದರೆ ಮೇಷ್ಟ್ರು ಉಳಿಯುತ್ತಾರೆ. ಒಂದು ತಲೆ ಕಡಿಮೆಯಾದರೂ ‘ಹೆಚ್ಚುವರಿ ಶಿಕ್ಷಕ’ ಎಂಬ ಹಣೆಪಟ್ಟಿ ಕಟ್ಟಿಕೊಂಡು, ಹಾಕಿದ ಊರಿಗೆ ಹೋಗಬೇಕು. ಹನ್ನೊಂದು ವರ್ಷ ದಿನಕ್ಕೆ ಆರು ಬಸ್ಸು ಹತ್ತಿಳಿದ ಮನುಷ್ಯ ಈಗಷ್ಟೇ ರಾಜಗೋಪಾಲನಗರದ ಮನೆಯಿಂದ ಚಪ್ಪಲಿ ಮೆಟ್ಟಿಕೊಂಡು ನಡೆದೇ ಶಾಲೆಗೆ ಬರುವ ಸುಖ ಕಂಡಿದ್ದರು. ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಮುದ್ದೆ ಉಣ್ಣುತ್ತಿದ್ದರು. ಆ ಮುದ್ದೆಗೆ ಈಗ ಸಂಚಕಾರ ಬಂದಿತ್ತು.

ಶಾಲೆಯೊಳಗಿರುವ ಮಕ್ಕಳನ್ನು ಬೀದಿಗೆ ತಂದು, ಬೀದಿಯಲ್ಲಿರುವವರನ್ನು ಶಾಲೆಗೆ ಕರೆಯುವುದು ನಮ್ಮ ಜಾಥಾಗಳ ಪದ್ಧತಿ. ಹತ್ತು ಗಂಟೆಗೆ ಮೂವತ್ತೆಂಟು ಹಳದಿ ಮಕ್ಕಳು ಹೊರಟರು. ಮುಂದೆ ವೇಣಿ. ಅವಳ ಗಂಟಲಿಗೆ ಮೈಕು ಬೇಕಿರಲಿಲ್ಲ.

“ಶಾಲೆ ಬಿಡಬೇಡಿ!” ಎಂದು ಅವಳು ಕೂಗಿದರೆ ಉಳಿದವರು “ಬಿಡಬೇಡಿ, ಬಿಡಬೇಡಿ!” ಎನ್ನುತ್ತಿದ್ದರು. ದಾರಿಯಲ್ಲಿ ಪಾನಿಪುರಿ ಗಾಡಿ ಕಂಡಾಗ ಮಾತ್ರ ಘೋಷಣೆ ಸ್ವಲ್ಪ ಸಡಿಲವಾಗುತ್ತಿತ್ತು.

ಅರ್ಧ ಕಟ್ಟಿದ ಕಟ್ಟಡವೊಂದರ ಪಕ್ಕ ತಗಡಿನ ಶೆಡ್ಡಿನಲ್ಲಿ ರಾಯಚೂರು ಕಡೆಯ ಚನ್ನಬಸಮ್ಮನ ಸಂಸಾರವಿತ್ತು. ಅವಳಿಗೆ ಮುತ್ತು, ದಾನೇಶ್ವರಿ ಎಂಬ ಅವಳಿ ಮಕ್ಕಳು. ಎಂಟನೆಯದು ಮುಗಿಸಿ ಮನೆಯಲ್ಲಿ ಕೂತಿದ್ದಾರೆಂಬ ಸುದ್ದಿ ಮೇಷ್ಟ್ರಿಗೆ ಸಿಕ್ಕಿತ್ತು.

“ಎಲ್ಲರೂ ಇಲ್ಲೇ ನಿಂತಿರಿ. ಐದೇ ನಿಮಿಷ,” ಎಂದು ಮೇಷ್ಟ್ರು ಒಳಗೆ ಹೋದರು. ಐದು ನಿಮಿಷ ಒಂದೂವರೆ ಗಂಟೆಯಾಯಿತು.

“ಕಳಸ್ಬಾರ್ದು ಅಂತಿಲ್ರೀ ಸರ,” ಎಂದಳು ಚನ್ನಬಸಮ್ಮ. “ನಾವಿಬ್ರೂ ಕಾಂಕ್ರೀಟ್ ಕೆಲಸಕ್ಕ ಹೋದ್ರ ಈ ಕೂಸಿನ್ನ ಯಾರು ನೋಡಬೇಕ್ರೀ?”

“ಕೂಸನ್ನೂ ಕರ್ಕೊಂಡು ಬರ್ಲಿ ಅಮ್ಮ.”

“ಪಾಠ ಕೇಳೋ ಮುಂದ ಎತ್ಗೊಳ್ಳೋರು ಯಾರ್ರೀ?”

“ನಾನೇ ಎತ್ಕೋತೀನಿ,” ಎಂದುಬಿಟ್ಟರು ಮೇಷ್ಟ್ರು.

ಮಾತು ಮುಗಿಯುವುದರೊಳಗೆ ಕೂಸು ಅವರ ಕಂಕುಳಲ್ಲಿತ್ತು. ಚನ್ನಬಸಮ್ಮ ಟ್ರಂಕಿನ ತಳದಿಂದ ಎರಡು ಟಿ.ಸಿ. ತೆಗೆದುಕೊಟ್ಟಳು. ಮೇಷ್ಟ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಲವತ್ತಾಯಿತು! ಮುದ್ದೆ ಉಳಿಯಿತು!

ಹೊರಗೆ ಬಂದರೆ ಬೀದಿ ಖಾಲಿ. ಒಂದೇ ಒಂದು ಹಳದಿ ಇಲ್ಲ.

ಕೂಸನ್ನು ಹೊತ್ತು, ಅವಳಿಗಳನ್ನು ಹಿಂದಿಟ್ಟುಕೊಂಡು ಮೇಷ್ಟ್ರು ಎರಡು ಕ್ರಾಸು ಓಡಿದರು. ಮೂರನೆಯ ಕ್ರಾಸಿನಲ್ಲಿ ವೇಣಿ ಸಿಕ್ಕಳು. ಬೆನ್ನಿಗೆ ಹೊಸ ಬ್ಯಾಗು, ಬಾಯಲ್ಲಿ ಬಿಸ್ಕತ್ತು.

“ಎಲ್ಲೇ ಎಲ್ಲರೂ?”

“ಮನೆಗೆ ಹೋದ್ರು ಸಾರ್. ಬೆಳ್ಳಂದೂರಿಂದ ಕಂಪ್ಯೂಟರ್ ಕಂಪನಿಯೋರು ಬಂದಿದಾರೆ. ಸ್ಕೂಲ್ ಬಿಟ್ಟಿರೋ ಮಕ್ಕಳಿಗೆ ಬ್ಯಾಗ್ ಕೊಟ್ರು. ನಮ್ಮ ಟೀ ಶರ್ಟ್ ನೋಡಿ, ‘ಅಯ್ಯೋ, ಪಂಪ್ ಫ್ಯಾಕ್ಟರೀಲಿ ಕೆಲಸ ಮಾಡ್ತೀರಾ?’ ಅಂತ ಒಬ್ರು ಅಕ್ಕ ಅತ್ತೇಬಿಟ್ರು ಸಾರ್. ಇಲ್ಲ ಅಂದ್ರೆ ಅವರಿಗೆ ಬೇಜಾರಾಗುತ್ತೆ ಅಂತ...”

“ಹೂಂ ಅಂದ್ರಾ?”

“ಎಲ್ಲರೂ ಅಂದ್ವಿ ಸಾರ್. ಇಲ್ಲ ಅಂದ್ರೆ ಬ್ಯಾಗೂ ಇರ್ಲಿಲ್ಲ.”

“ನಡಿಯೇ ಶಾಲೆಗೆ! ಮೂರಕ್ಕೆ ಸಾಹೇಬ್ರು ಬರ್ತಾರೆ!”

“ಆಗಲ್ಲ ಸಾರ್. ಸೋಮವಾರ ಫಂಕ್ಷನ್ ಮಾಡಿ ನಮ್ಮನ್ನ ಸ್ಕೂಲಿಗೆ ಸೇರಿಸ್ತಾರಂತೆ. ಟಿಫನ್ ಬಾಕ್ಸೂ ಕೊಡ್ತಾರಂತೆ. ಅದಕ್ಕೆ ಮುಂಚೆ ಸ್ಕೂಲಲ್ಲಿ ಕಂಡ್ರೆ ಬ್ಯಾಗ್ ವಾಪಸ್ ಇಸ್ಕೊಳ್ತಾರೆ.”

ಮೇಷ್ಟ್ರು ಕಂಪನಿಯವರು ಬೀದಿಯ ಕೊನೆಯಲ್ಲಿ ಹಾಕಿದ್ದ ಶಾಮಿಯಾನಕ್ಕೆ ನುಗ್ಗಿದರು. ಅಲ್ಲಿ ಶೀತಲ್ ಎಂಬಾಕೆ ಇನ್ನೂ ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಮೇಡಂ, ಆ ಮೂವತ್ತೆಂಟು ಜನಾನೂ ನಮ್ಮ ಸ್ಕೂಲ್ ಮಕ್ಕಳು! ನಾನು ಅವರ ಮೇಷ್ಟ್ರು!”

ಶೀತಲ್ ಅವರ ಎದೆಯ ಮೇಲಿನ ಪಂಪನ್ನು ನೋಡಿದಳು. ಕಂಕುಳಲ್ಲಿದ್ದ ಕೂಸನ್ನು ನೋಡಿದಳು. ಹಿಂದೆ ನಿಂತಿದ್ದ ಮಾಸಲು ಬಟ್ಟೆಯ ಅವಳಿಗಳನ್ನೂ ನೋಡಿದಳು.

“ಮೇಷ್ಟ್ರಾ? ಐಡಿ ಕಾರ್ಡ್ ತೋರಿಸಿ.”

ಮೇಷ್ಟ್ರು ಜೇಬಿಗೆ ಕೈ ಹಾಕಹೋದರು. ಟೀ ಶರ್ಟಿಗೆ ಜೇಬೇ ಇರಲಿಲ್ಲ.

“ನೀವು ಲೇಬರ್ ಕಂಟ್ರಾಕ್ಟರ್ ಅಲ್ವಾ? ಇಷ್ಟು ಚಿಕ್ಕ ಮಗೂನೂ ಬಿಟ್ಟಿಲ್ವಲ್ಲ ನೀವು! ಇಲ್ಲಿಂದ ಹೋಗ್ತೀರೋ, ಪೊಲೀಸ್‌ಗೆ ಫೋನ್ ಮಾಡ್ಲೋ?”

ಮೇಷ್ಟ್ರು ಹೋದರು. ದಾರಿಯುದ್ದಕ್ಕೂ ಹನ್ನೆರಡು ಮನೆಯ ಬಾಗಿಲು ತಟ್ಟಿದರು. ಹನ್ನೆರಡು ಕಡೆಯೂ ತಾಯಂದಿರು ಹೊಸ ಬ್ಯಾಗನ್ನು ಹೊಗಳಿದರು. ಮಕ್ಕಳನ್ನು ಮಾತ್ರ ಯಾರೂ ಕಳಿಸಲಿಲ್ಲ.

ಮೂರು ಗಂಟೆಗೆ ಸಾಹೇಬರು ತರಗತಿಯ ಬಾಗಿಲಲ್ಲಿ ನಿಂತರು. ಮೊದಲ ಬೆಂಚಿನಲ್ಲಿ ಮುತ್ತು ಮತ್ತು ದಾನೇಶ್ವರಿ ಕೈಕಟ್ಟಿ ಕೂತಿದ್ದರು. ಉಳಿದ ಬೆಂಚುಗಳ ಮೇಲೆ ಬಿಸಿಲು ಬಿದ್ದಿತ್ತು.

“ಎರಡು,” ಎಂದು ಬರೆದುಕೊಂಡ ಸಾಹೇಬರು ಮೇಷ್ಟ್ರ ಕಂಕುಳ ಕಡೆ ಪೆನ್ನು ತೋರಿಸಿದರು. “ಇದು?”

“ಇವರ ಜೊತೆ ಬಂದಿದ್ದು ಸಾರ್.”

ಕೂಸು ಅದೇ ಹೊತ್ತಿಗೆ ಪಂಪಿನ ಚಿತ್ರದ ಮೇಲೆ ನೀರು ಬಿಟ್ಟಿತು. ಹೇಮಲತಾ ಮೇಡಂ ಗೋಡೆಯ ಕಡೆ ತಿರುಗಿಕೊಂಡರು.

ಕೃಷ್ಣಪ್ಪನವರು ನಡೆದದ್ದನ್ನೆಲ್ಲ ಹೇಳಲು ಬಾಯಿ ತೆರೆದರು. ಸಾಹೇಬರ ಫೋನು ಬಡಿದುಕೊಂಡಿತು. ಮಾತಾಡುತ್ತ ಮಾತಾಡುತ್ತ ಸಾಹೇಬರ ಮುಖ ಅರಳಿತು.

“ಮೂವತ್ತೆಂಟಾ? ಒಂದೇ ಬೆಳಗ್ಗೇಲಾ? ಚೀಫ್ ಗೆಸ್ಟ್ ನಾನಾ? ಖಂಡಿತ ಬರ್ತೀನಿ ಶೀತಲ್ ಮೇಡಂ.” ಫೋನಿಟ್ಟು ಮೇಷ್ಟ್ರ ಕಡೆ ತಿರುಗಿದರು. “ನೋಡಿದ್ರೇನ್ರೀ? ಎಲ್ಲೋ ಬೆಳ್ಳಂದೂರಿಂದ ಬಂದೋರು ನಿಮ್ಮ ಏರಿಯಾದಲ್ಲಿ ಮೂವತ್ತೆಂಟು ಮಕ್ಕಳನ್ನ ಹುಡುಕಿದಾರೆ. ನೀವೂ ಇದ್ದೀರಿ.”

“ಸಾರ್, ಆ ಮಕ್ಕಳೇ ನನ್ನ ಕ್ಲಾಸಿನ ಮಕ್ಕಳು ಸಾರ್! ಸೋಮವಾರ ಬರ್ತಾರೆ!”

“ಬರ್ಲಿ, ಒಳ್ಳೇದೇ. ನಾನು ಬರೆಯೋದು ಇವತ್ತಿಂದು. ಇಬ್ಬರಿಗೆ ಒಬ್ಬ ಮೇಷ್ಟ್ರು ಯಾಕ್ರೀ?”

ಸಾಹೇಬರು ‘ಹೆಚ್ಚುವರಿ’ ಎಂದು ಬರೆದು ಸಹಿ ಹಾಕಿದರು. ಮೇಷ್ಟ್ರ ಕಣ್ಣ ಮುಂದೆ ಆರೂ ಬಸ್ಸು ಸಾಲಾಗಿ ಹಾದುಹೋದವು. ಅವರಿಗೆ ನಿಜಕ್ಕೂ ಅಳು ಬಂತು. ಕೂಸು ಮಾತ್ರ ಅವರ ಮೂಗು ಹಿಡಿದು ನಕ್ಕಿತು.

ಬಾಗಿಲವರೆಗೆ ಹೋದ ಸಾಹೇಬರು ಏನೋ ನೆನಪಾಗಿ ನಿಂತರು.

“ನಿಮ್ಮನ್ನ ಮಂಗಳವಾರ ರಿಲೀವ್ ಮಾಡೋಣ. ಸೋಮವಾರ ಆ ಮಕ್ಕಳನ್ನ ಮೆರವಣಿಗೇಲಿ ಕರ್ಕೊಂಡು ಬರೋಕೆ ಒಬ್ರು ಬೇಕಂತೆ. ಜಾಥಾ ನಿಮಗೆ ಅಭ್ಯಾಸ ಇದೆಯಲ್ಲ. ಟೀ ಶರ್ಟ್ ಅವರೇ ಕೊಡ್ತಾರಂತೆ, ನೀಲಿದು.”