ಡ್ರಿಲ್ ಮೇಷ್ಟ್ರ ಕೋಟು ಲಂಗವಾದದ್ದು

ಆ ಪುಸ್ತಕಗಳ ಹುಚ್ಚನ್ನು ಒಂದೇ ಭಾನುವಾರದಲ್ಲಿ ಮನೆಯಿಂದ ಓಡಿಸಿಬಿಡುತ್ತೇನೆಂದು ಟೈಲರಣ್ಣ ಹೆಂಡತಿಯ ಮುಂದೆ ತೊಡೆ ತಟ್ಟಿದ. ಆಕೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮನೆಗೆ ಬಂದು ಚಪ್ಪಲಿ ಬಿಟ್ಟಳೆಂದರೆ ಪ್ರೇಮಕಾದಂಬರಿ ಬಿಡಿಸಿ ಸೀದಾ ಸ್ಕಾಟ್ಲೆಂಡಿನ ಬೆಟ್ಟಗಾಡಿಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಎರಡು ಕುಲಗಳು ತಲೆತಲಾಂತರದಿಂದ ಕಚ್ಚಾಡುತ್ತಿರುತ್ತವೆ. ಈ ಕುಲದ ನಾಯಕ ಆ ಕುಲದ ಹುಡುಗಿಯನ್ನು ಹೊತ್ತೊಯ್ದು, ಆಮೇಲೆ ತಾನೇ ಅವಳಿಗೆ ಸೆರೆಯಾಗುತ್ತಾನೆ. ಪ್ರತಿ ಪುಸ್ತಕದ ರಟ್ಟಿನ ಮೇಲೂ ಅಂಗಿಯಿಲ್ಲದ ಒಬ್ಬ ಗಂಡಸು, ಸೊಂಟಕ್ಕೆ ಚೌಕುಳಿ ಲಂಗ, ಕೈಯಲ್ಲಿ ಕತ್ತಿ. ಟೈಲರಣ್ಣನ ಮೈ ಉರಿಯುತ್ತಿದ್ದದ್ದು ಅಂಗಿ ಇಲ್ಲದ್ದಕ್ಕಲ್ಲ, ಲಂಗದ ಹೊಲಿಗೆಗೆ.

“ಈ ನೆರಿಗೆ ಇಟ್ಕೊಂಡು ಕುದುರೆ ಹಾಗಿರಲಿ, ಬಸ್ಸೂ ಹತ್ತೋಕಾಗಲ್ಲ. ಒಂದೇ ಒಂದು ಪುಸ್ತಕ ಓದಿ, ಎಲ್ಲಾ ಬುರುಡೆ ಅಂತ ತೋರಿಸ್ತೀನಿ ನೋಡು.”

“ಓದಿ. ಆದ್ರೆ ಅಣ್ಣನ ಕೋಟು ಮೊದಲು,” ಎಂದು ಹೇಳಿ ಹೆಂಡತಿ ಡ್ಯೂಟಿಗೆ ಹೊರಟಳು.

ಅವಳ ಅಣ್ಣ ಶಾಲೆಯ ಡ್ರಿಲ್ ಮೇಷ್ಟ್ರು. ಮರುದಿನ ಸಂಜೆ ಅವರ ನಿವೃತ್ತಿಯ ಬೀಳ್ಕೊಡುಗೆ. ಭಾವನ ಸೊಂಟ ಅಳೆಯಲು ಟೇಪು ಸಾಲದು, ರಸ್ತೆ ಅಳೆಯುವವರನ್ನು ಕರೆಸಬೇಕೆಂದು ಟೈಲರಣ್ಣ ನೆಂಟರ ಮುಂದೆ ನಾಲಿಗೆ ಹರಿಯಬಿಟ್ಟಿದ್ದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಹೆಂಡತಿ ಇಬ್ಬರ ಕೈಕಾಲು ಹಿಡಿದು, ಅಣ್ಣನಿಂದ ಕೋಟಿನ ಬಟ್ಟೆ ತರಿಸಿದ್ದಳು. ಕೆಂಪು ಹಸಿರು ಚೌಕುಳಿಯ ದಪ್ಪ ಉಣ್ಣೆ ಬಟ್ಟೆ. ಈ ಕೋಟು ಕೆಟ್ಟರೆ ಸಂಬಂಧವೂ ಕೆಟ್ಟಂತೆ.

ಒಂದೆರಡು ಪುಟ ನೋಡಿ ಬಟ್ಟೆಗೆ ಕೈ ಹಚ್ಚೋಣವೆಂದು ಟೈಲರಣ್ಣ ಪುಸ್ತಕ ಬಿಡಿಸಿದ. ಅಷ್ಟೇ. ಟೀ ತಣ್ಣಗಾಯಿತು. ಹುಡುಗಿ ಕೋಟೆಯ ಕಿಟಕಿಯಲ್ಲಿ ಅತ್ತಾಗ ಅವನೂ ಅತ್ತು, ಮೂಗನ್ನು ಅಸ್ತರಿನ ಬಟ್ಟೆಗೆ ಒರೆಸಿಕೊಂಡ. ನಡುವೆ ಲಂಗದ ತಗಾದೆ ನೆನಪಾಯಿತು. ಪರೀಕ್ಷೆ ಮಾಡಿಯೇ ಬಿಡೋಣವೆಂದು ಪ್ಯಾಂಟು ಕಳಚಿ, ಭಾವನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ನೆರಿಗೆ ಹಿಡಿದು ಪಿನ್ನು ಚುಚ್ಚಿದ. ಉಳಿದ ತುದಿ ಹಿಂದೆ ಜೋತಾಡುತ್ತಿತ್ತು. ಪುಸ್ತಕದಲ್ಲಿ ಅಷ್ಟು ಹೊತ್ತಿಗೆ ನಾಯಕ ಒಬ್ಬನೇ ಸೇತುವೆಯ ಮೇಲೆ ನಿಂತು ಶತ್ರುಕುಲವನ್ನೆಲ್ಲ ತಡೆಯುತ್ತಿದ್ದ. ಇಂಥ ಹೊತ್ತಿನಲ್ಲಿ ಕೂತು ಓದುವುದು ಹೇಡಿತನ. ಟೈಲರಣ್ಣ ಎದ್ದು ನಿಂತ. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಕತ್ತರಿ. ನಾಯಕ ಕತ್ತಿ ಬೀಸಿದ. ಟೈಲರಣ್ಣ ಕತ್ತರಿ ಬೀಸಿದ. ಅದು ಹಿಂದೆಲ್ಲೋ ಸಿಕ್ಕಿಕೊಂಡಿತು. ಶತ್ರುವೇ ಹಿಡಿದನೆಂದು ಶಕ್ತಿಯೆಲ್ಲ ಹಾಕಿ ಎಳೆದ.

ಪರ್‍ರೆಂದು ಸದ್ದಾಯಿತು. ಕೋಟಿನ ಬಟ್ಟೆ ಒಂದು ದೊಡ್ಡ ತುಂಡು, ಒಂದು ಚಿಕ್ಕ ತುಂಡಾಗಿತ್ತು.

ಅದೇ ಗಳಿಗೆಯಲ್ಲಿ ಅಳತೆ ನೋಡಲೆಂದು ಡ್ರಿಲ್ ಮೇಷ್ಟ್ರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ನೆಲದ ಮೇಲಿನ ತುಂಡು ನೋಡಿದರು, ಟೈಲರಣ್ಣನ ಸೊಂಟದ ತುಂಡು ನೋಡಿದರು, ಪುಸ್ತಕದ ರಟ್ಟು ನೋಡಿದರು. ಟೈಲರಣ್ಣ ಪೆಟ್ಟು ತಿನ್ನಲು ಸಿದ್ಧನಾದ.

“ನೆರಿಗೆ ಹಿಂದೆ ಬರ್ಬೇಕು,” ಎಂದರು ಮೇಷ್ಟ್ರು. “ಮುಂದೆ ಸಪಾಟಾಗಿರುತ್ತೆ.”

ನಿಮಗೆ ಹೇಗೆ ಗೊತ್ತೆಂದು ಟೈಲರಣ್ಣ ತೊದಲಿದ. ಮೇಷ್ಟ್ರು ಬಾಗಿಲು ಮುಚ್ಚಿ, ದನಿ ಇಳಿಸಿದರು. “ಆ ಪುಸ್ತಕ ಎಲ್ಲಾ ನನ್ನವೇ. ನಾನು ಓದಿ ತಂಗಿಗೆ ಕೊಡ್ತೀನಿ. ಎಲ್ಲಿದ್ದೀರಿ, ಸೇತುವೆ ದಾಟಿದ್ರಾ?”

“ಇಲ್ಲ ಭಾವ. ಸೇತುವೆ ಮೇಲೇ ಈ ಅನಾಹುತ ಆಗಿದ್ದು.”

ಮೇಷ್ಟ್ರು ಸ್ಟೂಲು ಎಳೆದು ಕೂತರು. ಮುಂದಿನ ಅಧ್ಯಾಯವನ್ನು ಅವರೇ ಗಟ್ಟಿಯಾಗಿ ಓದಿದರು; ಕುದುರೆಯ ಸದ್ದನ್ನೂ ಬಾಯಲ್ಲೇ ಮಾಡಿದರು. ವರ್ಷಗಳ ಮುನಿಸು ಎತ್ತ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಕೋಟಂತೂ ಆಗುವಂತಿರಲಿಲ್ಲ. ಇಡೀ ನೌಕರಿ ಖಾಕಿ ಚಡ್ಡಿಯಲ್ಲಿ ಕಳೆದೆ, ಕೊನೆಯ ದಿನವಾದರೂ ಕುಲನಾಯಕನಾಗಿ ಹೊರಡುತ್ತೇನೆ ಎಂದರು ಮೇಷ್ಟ್ರು. ಷರತ್ತು ಒಂದೇ: ಟೈಲರಣ್ಣನೂ ಜೊತೆಗೆ ಬರಬೇಕು. ದೊಡ್ಡ ತುಂಡು ಮೇಷ್ಟ್ರಿಗಾಯಿತು, ಚಿಕ್ಕದು ಟೈಲರಣ್ಣನ ಪಾಲಿಗೆ ಬಂತು.

ಮರುದಿನ ಸಂಜೆ ಶಾಲೆಯ ಸಭಾಂಗಣದಲ್ಲಿ ಲಂಗಧಾರಿಗಳಿಬ್ಬರು ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದರು. ಮಕ್ಕಳು ಬೆಂಚು ಕುಟ್ಟಿದರು. ಹೆಡ್‌ಮೇಡಂ ಭಾಷಣವನ್ನೇ ಮರೆತರು. ಮೇಷ್ಟ್ರು ಟೈಲರಣ್ಣನನ್ನು ವೇದಿಕೆಗೆ ಎಳೆದು, ನನ್ನನ್ನು ರಾಜನ ಹಾಗೆ ಕಳಿಸಿಕೊಡುತ್ತಿರುವುದು ಈ ಕೈಗಳೇ ಎಂದು ಸಾರಿದರು. ಟೈಲರಣ್ಣ ಎದೆ ಉಬ್ಬಿಸಿ, ಜನರ ಕಡೆಗೊಮ್ಮೆ, ಮೇಡಂ ಕಡೆಗೊಮ್ಮೆ, ಹಿಂದೆ ಕೂತಿದ್ದ ಮೇಷ್ಟ್ರುಗಳ ಕಡೆಗೊಮ್ಮೆ ನೆಲ ಮುಟ್ಟುವಂತೆ ಬಾಗಿದ. ಬಾಗಿದಷ್ಟೂ ಚಪ್ಪಾಳೆ ಏರುತ್ತಲೇ ಹೋಯಿತು.

ಮನೆಗೆ ಬಂದವನೇ, ಇನ್ನು ಅಂಗಡಿ ಮುಂದೆ ಸಾಲು ನಿಲ್ಲುತ್ತದೆ ನೋಡು ಎಂದು ಹೆಂಡತಿಗೆ ಹೇಳಿದ.

“ಆಗಲೇ ನಾಲ್ಕೈದು ಮೇಷ್ಟ್ರು ಆರ್ಡರ್ ಕೊಟ್ಟಿದ್ದಾರೆ,” ಎಂದಳು ಆಕೆ, ಗೋಡೆಗೆ ಆತುಕೊಂಡು, ನಗು ತಡೆಯಲಾರದೆ.

“ಲಂಗಕ್ಕೆ ತಾನೆ?”

“ಇಲ್ಲಾರೀ. ನೀವು ಬಾಗಿದಾಗ ಕಾಣಿಸ್ತಲ್ಲ, ಆ ಪಟ್ಟಾಪಟ್ಟಿ ಚಡ್ಡಿಗೆ.”