ಎರಡಡಿ ತೊಟ್ಟಿಗೆ ಆರಡಿ ದೀಪ ಕೊಟ್ಟ ಮಹನೀಯರಿಗೆ

ಮಾನ್ಯರೇ,

ನಮ್ಮ ಬೀದಿಯ ಅಲಂಕಾರಿಕ ಮೀನಿನ ಅಂಗಡಿಯ ಮಾಲೀಕರೂ, ಇಡೀ ಸಮುದ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಿಕೊಡಬಲ್ಲ ಸಮರ್ಥರೂ ಆದ ತಮಗೆ, ಎದುರು ಸಾಲಿನ ದರ್ಜಿಯಾದ ನಾನು ಕತ್ತರಿಯನ್ನು ಪಕ್ಕಕ್ಕಿಟ್ಟು ಎರಡೂ ಕೈ ಜೋಡಿಸಿ ಮಾಡುವ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮಿಂದ ತಂದ ಎರಡು ಮೀನುಗಳಲ್ಲಿ ಒಂದು ಇನ್ನೂ ಕ್ಷೇಮವಾಗಿದೆ.

ಹತ್ತು ವರ್ಷದ ನನ್ನ ಮಗಳು ಉಪ್ಪುನೀರಿನ ಮೀನು ಸಾಕಲೇಬೇಕೆಂದು ಹಟ ಹಿಡಿದಾಗ, ನಾನು ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಟೇಪು ಹಿಡಿದು ಅಳೆದು, ಗಿರಾಕಿಗಳ ಅಳತೆ ಬರೆಯುವ ಚೀಟಿಯಲ್ಲೇ ಬರೆದು ತಮ್ಮ ಮುಂದಿಟ್ಟದ್ದು ನೆನಪಿರಬಹುದು. ತಾವು ಅದನ್ನು ನಾಲ್ಕಾಗಿ ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಡಿಗೆ ತುರುಕಿದಿರಿ. ಮೇಜು ಅಲ್ಲಿಗೆ ಸುಮ್ಮನಾಯಿತು. ಆಮೇಲೆ, ಇವತ್ತು ಎರಡು ಮೀನು, ನಾಳೆ ಹವಳ ಸಾಕೋ ಆಸೆ ಹುಟ್ಟೇ ಹುಟ್ಟುತ್ತೆ, ಹವಳ ಬೆಳೆಯೋಕೆ ಬೆಳಕು ಜಾಸ್ತಿ ಬೇಕು, ದೀಪ ಮಾತ್ರ ದೊಡ್ಡದೇ ಇರಲಿ, ಫಿಲ್ಟರ್ ಏನು, ಪುಟ್ಟ ಮೀನಿಗೆ ಪುಟ್ಟದೇ ಸಾಕು ಎಂದು ಅಪ್ಪಣೆ ಕೊಡಿಸಿದಿರಿ. ಮೂವತ್ತು ವರ್ಷಗಳಿಂದ ಶಾಲೆಯ ಮಕ್ಕಳ ತಾಯಂದಿರಿಗೆ, ಬೆಳೆಯೋ ಮಗು, ಎರಡಿಂಚು ಜಾಸ್ತಿಯೇ ಇರಲಿ ಅಮ್ಮಾ ಎಂದು ಹೇಳುತ್ತಾ ಬಂದವನು ನಾನು. ನನ್ನ ಮಾತನ್ನೇ ತಾವು ನನಗೆ ತೊಡಿಸಿದಿರಿ, ನಾನು ಕನ್ನಡಿ ಕೂಡ ನೋಡದೆ ತೊಟ್ಟುಕೊಂಡು ಮನೆಗೆ ಬಂದೆ.

ತಮ್ಮ ದೀಪವನ್ನು ಎಷ್ಟು ಹೊಗಳಿದರೂ ಕಡಿಮೆ. ಮೂರು ಸರಪಳಿಗಳಲ್ಲಿ ತೂಗುವ ಅದು ತೊಟ್ಟಿಯ ಎಡಕ್ಕೆ ಎರಡಡಿ, ಬಲಕ್ಕೆ ಎರಡಡಿ ಚಾಚಿಕೊಂಡು, ಒಂದು ಕಡೆ ನನ್ನ ಹೊಲಿಗೆ ಯಂತ್ರಕ್ಕೂ ಇನ್ನೊಂದು ಕಡೆ ನಮ್ಮ ಅತ್ತೆಯವರ ಮಂಚಕ್ಕೂ ಹವಳಕ್ಕೆ ತಕ್ಕ ನೀಲಿ ಬೆಳಕನ್ನು ಸುರಿಯುತ್ತಿದೆ. ಅತ್ತೆಯವರು ಮನೆಯೊಳಗೇ ಕೊಡೆ ಬಿಚ್ಚಿಕೊಂಡು ಪೇಪರ್ ಓದುತ್ತಾರೆ. ಆ ನೀಲಿ ಬೆಳಕಿನಲ್ಲಿ ದಾರದ ಬಣ್ಣ ತಿಳಿಯದೆ ನಾನು ಕಪ್ಪು ಪ್ಯಾಂಟಿಗೆ ನೇರಳೆ ಹೊಲಿಗೆ ಹಾಕಿದೆ, ವಕೀಲರೊಬ್ಬರು ಅದನ್ನೇ ಧರಿಸಿ ನ್ಯಾಯಾಧೀಶರ ಮುಂದೆ ನಿಂತರು. ಪಾಚಿಗಂತೂ ಹಬ್ಬವೋ ಹಬ್ಬ. ಗಾಜೆಲ್ಲ ಹಸಿರಾಯಿತೆಂದು ದೂರಲು ಬಂದಾಗ, ಪಾಚಿ ಬಂತು ಅಂದ್ರೆ ನೀರಲ್ಲಿ ಜೀವಕಳೆ ಇದೆ ಅಂತ ಅರ್ಥ ಎಂದು ತಾವು ನನ್ನನ್ನು ಅಭಿನಂದಿಸಿ ಕಳಿಸಿದಿರಿ.

ಇನ್ನು ಬೆಂಕಿಪೊಟ್ಟಣದಷ್ಟಿರುವ ಆ ಫಿಲ್ಟರಿನ ನಿಷ್ಠೆಯನ್ನು ನಾನು ಕೊನೆಯುಸಿರಿನವರೆಗೂ ಮರೆಯಲಾರೆ, ಏಕೆಂದರೆ ಅದೇ ಕೊನೆಯುಸಿರು ಎಳೆಯುವಂತೆ ಹಗಲೂ ರಾತ್ರಿ ಗೊರಗೊರ ಎನ್ನುತ್ತಿರುತ್ತದೆ. ನೀರಿನ ಕೊಳೆ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಕಿತ್ತಳೆ ಮೈಯ, ಬಿಳಿ ಪಟ್ಟಿಯ ಆ ಎರಡು ಮೀನುಗಳಿಗೆ ನನ್ನ ಮಗಳು ಗುಂಡಿ, ಕಾಜ ಎಂದು ಹೆಸರಿಟ್ಟಿದ್ದಳು. ದರ್ಜಿಯ ಮಗಳಿಗೆ ಇನ್ನಾವ ಜೋಡಿ ಹೊಳೆದೀತು? ಮೂರನೆಯ ವಾರ ಕಾಜ ಸತ್ತುಹೋಯಿತು. ಮೀನಿಗೆ ಸಾಧಾರಣ ಬೆಳಕು ಸಾಕಿತ್ತು, ದೊಡ್ಡದಾಗಿ ಬೇಕಿದ್ದದ್ದು ಫಿಲ್ಟರ್ ಎಂದು ಆಮೇಲೆ ಪಶುವೈದ್ಯೆ ಹೇಳಿದರು. ಮಗಳು ಅಳಲಿಲ್ಲ. ಅಪ್ಪಾ, ನೀನು ಅಳತೆ ಬರೆದುಕೊಂಡು ಹೋಗಿದ್ದೆ ಅಲ್ವಾ ಎಂದಷ್ಟೇ ಕೇಳಿದಳು. ಮೂವತ್ತು ವರ್ಷಗಳಲ್ಲಿ ಯಾವ ಗಿರಾಕಿಯ ಮುಂದೆಯೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು. ದೀಪಕ್ಕೆ ಸರಿಹೊಂದುವಂತೆ ನನ್ನ ಮನೆಯನ್ನು ನಾಲ್ಕಡಿ ಹಿಗ್ಗಿಸಿಕೊಡಬೇಕು. ಅದಾಗದಿದ್ದರೆ ಉಳಿದಿರುವ ಗುಂಡಿಗೆ ಒಂದು ಕಪ್ಪು ಕನ್ನಡಕವನ್ನೂ, ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆಯನ್ನೂ ಒದಗಿಸಬೇಕು. ಮೀನಿನ ಮೂಗಿನ ಅಳತೆಯನ್ನು ನಾನೇ ತೆಗೆದುಕೊಡುತ್ತೇನೆ. ಇದೂ ಕಷ್ಟವೆನಿಸಿದರೆ, ಒಮ್ಮೆ ಉರಿದ ದೀಪ ವಾಪಸ್ಸಿಲ್ಲ ಎಂಬ ತಮ್ಮ ಅಂಗಡಿಯ ಬೋರ್ಡನ್ನು ಅರೆಗಳಿಗೆ ಗೋಡೆಯ ಕಡೆಗೆ ತಿರುಗಿಸಿ, ಆ ದೀಪವನ್ನು ಹಿಂದಕ್ಕೆ ಪಡೆದು, ತೊಟ್ಟಿಗೆ ತಕ್ಕ ಫಿಲ್ಟರೊಂದನ್ನು ಕೊಡಬೇಕು. ಗುಂಡಿ ನಿನ್ನೆಯಿಂದ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದೆ, ಮಗಳು ಶಾಲೆಗೆ ಹೋಗಲು ಒಪ್ಪುತ್ತಿಲ್ಲ.

ಅಳತೆಯ ಚೀಟಿಯ ಇನ್ನೊಂದು ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಎದುರು ಸಾಲಿನ ದರ್ಜಿ

ಮರೆತ ಮಾತು: ಭಾನುವಾರ ಮೀನುಪ್ರಿಯರ ಸಂಘದವರು ತಮಗೆ ಮಾಡಲಿರುವ ಸನ್ಮಾನಕ್ಕೆಂದು ತಾವು ಹೊಲಿಯಲು ಕೊಟ್ಟ ಕೋಟು ಸಿದ್ಧವಾಗಿದೆ. ತಮ್ಮ ಅಳತೆ ನನ್ನ ಪುಸ್ತಕದಲ್ಲಿದ್ದರೂ ತೆರೆದು ನೋಡಲಿಲ್ಲ. ನಾಳೆ ತಾವು ಬೆಳೆದೇ ಬೆಳೆಯುತ್ತೀರೆಂದು ಮೈಯನ್ನು ಇಬ್ಬರು ಹಿಡಿಯುವಷ್ಟು ಅಗಲವಾಗಿಯೂ, ಸದ್ಯಕ್ಕೆ ಪುಟ್ಟದೇ ಸಾಕೆಂದು ತೋಳುಗಳನ್ನು ನನ್ನ ಮಗಳ ಅಳತೆಗೂ ಹೊಲಿದಿದ್ದೇನೆ. ಒಮ್ಮೆ ಕತ್ತರಿ ಆಡಿಸಿದ ಬಟ್ಟೆ ವಾಪಸ್ಸಿಲ್ಲ. ಬಿಚ್ಚಿ ಸರಿಮಾಡಲು ನನಗೆ ಒಂದು ದಿನ ಸಾಕು. ತೊಟ್ಟಿಯಲ್ಲಿರುವ ಗುಂಡಿಗೆ ಅಷ್ಟು ದಿನ ಇದೆಯೋ ಇಲ್ಲವೋ ತಾವೇ ಬಂದು ನೋಡಿ ಹೇಳಬೇಕು, ಬರುವಾಗ ಬರಿಗೈಯಲ್ಲಿ ಬರಬಾರದು.